ಚಿಲ್ಕಿಯ ಎಂಟು ಬಾಗಿಲುಗಳು

ಆ ಮನೆಗೆ ಬಂದ ಮೊದಲ ಹದಿನೈದು ದಿನ ಅವಳು ತನ್ನದೇ ಕೋಣೆಯ ಬಾಗಿಲನ್ನು ತಟ್ಟಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಬೀಗ ತೆಗೆದು ಒಳಗೆ ಹೋಗುತ್ತಿದ್ದಳು. ಒಳಗೆ ಯಾರೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಕೀಲಿಕೈ ಅವಳ ಕೈಯಲ್ಲೇ ಇತ್ತು. ಆದರೂ ಬೆರಳಿನ ಗೆಣ್ಣು ತಾನಾಗಿ ಬಾಗಿಲಿಗೆ ಹೋಗುತ್ತಿತ್ತು.

ಎದುರು ಕೋಣೆಯ ಹುಡುಗಿ ಒಂದು ವಾರ ನೋಡಿದಳು. ಎಂಟನೆಯ ದಿನ ತಡೆಯಲಾಗದೆ ಹೇಳಿದಳು: "ಒಳಗಿಂದ ಯಾರಾದ್ರೂ 'ಬಾ' ಅಂದ್ರೆ ನನ್ನನ್ನೂ ಕೂಗೇ. ನಾನೂ ನೋಡ್ಬೇಕು."

ಆ ಮನೆ ಟೈರ್ ಅಂಗಡಿಯೊಂದರ ಹಿಂದೆ ಇದೆ. ಎರಡು ಅಂತಸ್ತು, ಎಂಟು ಕೋಣೆ, ಕೆಳಗೆ ಅಡುಗೆಮನೆ ಮತ್ತು ಕಚೇರಿ. ಮಕ್ಕಳ ಆಶ್ರಮಗಳಿಂದ ಹದಿನೆಂಟು ತುಂಬಿದ ದಿನ ಹೊರಗೆ ಬಂದು, ಹೋಗಲು ಮನೆಯಿಲ್ಲದ ಹೆಣ್ಣುಮಕ್ಕಳಿಗೆಂದು ಒಂದು ಟ್ರಸ್ಟ್ ಅದನ್ನು ನಡೆಸುತ್ತದೆ. ಹೆಚ್ಚೆಂದರೆ ಎರಡು ವರ್ಷ ಇರಬಹುದು. ಅಷ್ಟರಲ್ಲಿ ಒಂದು ಕೆಲಸ ಕಲಿತು, ಕಾಲೂರಿ, ಬೇರೆ ಮನೆ ಹುಡುಕಿಕೊಳ್ಳಬೇಕು. ಆರು ತಿಂಗಳಿಗೊಮ್ಮೆ ಮ್ಯಾನೇಜರ್ ಮತ್ತು ಟ್ರಸ್ಟಿನವರೊಬ್ಬರು ಕೂತು ಮಾತನಾಡಿಸಿ, ಮುಂದಿನ ಆರು ತಿಂಗಳಿಗೆ ಕೋಣೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಆಗ ನಾನು ಆ ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ.

ಅವಳ ಕಡತ ತೆಳ್ಳಗಿತ್ತು. ಆರನೆಯ ವಯಸ್ಸಿಗೆ ತಾಯಿ ತೀರಿಕೊಂಡರು. ತಂದೆಯ ಕಾಲಂನಲ್ಲಿ ಒಂದು ಅಡ್ಡಗೆರೆ. ಆಮೇಲೆ ಐದು ವರ್ಷ ಚಿಕ್ಕಪ್ಪನ ಮನೆ. ಅಲ್ಲಿ ಅವಳು ಮಲಗುತ್ತಿದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ. ಅದಕ್ಕೆ ಬಾಗಿಲಿರಲಿಲ್ಲ, ಪರದೆ ಇತ್ತು. ಮನೆಯವರೂ ಮನೆಗೆ ಬಂದವರೂ ಹೇಳದೆ ಕೇಳದೆ ಪರದೆ ಸರಿಸಿ ಓಡಾಡುತ್ತಿದ್ದರು. ಹನ್ನೊಂದರಲ್ಲಿ ಆಶ್ರಮಕ್ಕೆ ಬಂದಳು. ಅಲ್ಲಿ ಒಂದೇ ಹಾಲ್‌ನಲ್ಲಿ ನಲವತ್ತು ಮಂಚ. ಹದಿನೆಂಟಕ್ಕೆ ಒಂದು ಚೀಲ, ಎರಡು ಪ್ರಮಾಣಪತ್ರ ಕೊಟ್ಟು ಗೇಟಿನವರೆಗೆ ಬಂದು ಕಳಿಸಿದರು. ಆಮೇಲಿನ ಏಳು ವಾರ ಕಡತದಲ್ಲಿಲ್ಲ. ಅವಳು ಒಮ್ಮೆ ನಗುತ್ತಾ ಹೇಳಿದ್ದಳು, ಬಸ್ ನಿಲ್ದಾಣದ ಮಹಿಳೆಯರ ಕೊಠಡಿಯಲ್ಲಿ ಬೆಂಚು ಹಿಡಿಯುವುದಕ್ಕೆ ಎಷ್ಟು ಗಂಟೆಗೆ ಹೋಗಬೇಕು ಎನ್ನುವುದರಲ್ಲಿ ಬೇಕಾದರೆ ಯಾರಿಗಾದರೂ ಟ್ಯೂಷನ್ ಕೊಡುತ್ತೇನೆ ಎಂದು.

ನನ್ನ ಹಳ್ಳಿಯ ಮನೆಯಲ್ಲಿ ಒಳಗಿನ ಯಾವ ಬಾಗಿಲಿಗೂ ಚಿಲಕ ಇರಲಿಲ್ಲ. ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಹಾಗಾಗಿ ಈ ಮನೆಯ ಹುಡುಗಿಯರು ಕೋಣೆ ನೋಡಲು ಬಂದಾಗ ಕಿಟಕಿಯನ್ನಾಗಲಿ ಮಂಚವನ್ನಾಗಲಿ ನೋಡದೆ, ಮೊದಲು ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಎಳೆದು ನೋಡುತ್ತಿದ್ದುದೇಕೆಂದು ನನಗೆ ತಿಳಿಯಲು ಸಮಯ ಹಿಡಿಯಿತು.

ಅವಳು ಸೇರಿದ್ದು ಮರಗೆಲಸದ ಅಂಗಡಿಗೆ. ಟ್ರಸ್ಟಿನವರು ಹೊಲಿಗೆ, ಬ್ಯೂಟಿ ಪಾರ್ಲರ್, ಕಂಪ್ಯೂಟರ್ ಎಂದು ಮೂರು ದಾರಿ ತೋರಿಸಿದ್ದರು. ಅವಳು ಮೂರೂ ಬೇಡವೆಂದು ತಲೆಯಾಡಿಸಿ, ಮೂರು ಬೀದಿಯಾಚೆಯ ಅಂಗಡಿಯೊಂದರ ಮುಂದೆ ನಾಲ್ಕು ದಿನ ನಿಂತಳು. ಐದನೆಯ ದಿನ ಅಂಗಡಿಯ ಮೇಸ್ತ್ರಿ ಹೊರಗೆ ಬಂದರು.

"ಏನಮ್ಮಾ, ಕುರ್ಚಿ ಬೇಕಾ?"

"ಕುರ್ಚಿ ಮಾಡೋದು ಬೇಕು."

ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್, ಬಾಯಲ್ಲಿ ಸದಾ ಒಂದು ಬೈಗುಳ. ಮೊದಲ ತಿಂಗಳು ಅವಳಿಗೆ ಹೊಟ್ಟು ಗುಡಿಸುವ ಕೆಲಸ ಮಾತ್ರ ಕೊಟ್ಟರು. ಎರಡನೆಯ ತಿಂಗಳು ಉಳಿ ಕೊಟ್ಟು, ಅವಳು ಹಿಡಿದ ರೀತಿ ನೋಡಿ ಹಣೆ ಚಚ್ಚಿಕೊಂಡರು. "ಸೌಟು ಹಿಡಿದಂಗೆ ಹಿಡೀತೀಯಲ್ಲೇ ತಾಯಿ. ಅದು ಮರ, ಕಲಕಿದ್ರೆ ಬೇಯಲ್ಲ." ಮೂರನೆಯ ತಿಂಗಳ ಹೊತ್ತಿಗೆ ಅವಳು ಕೂಡಿಸಿದ ಮೂಲೆಗೆ ಉಗುರು ತೂರಿಸಲು ನೋಡಿ, ತೂರದಿದ್ದಾಗ, ಏನೂ ಹೇಳದೆ ಆಚೆ ಹೋದರು. ಮೇಸ್ತ್ರಿ ಏನೂ ಹೇಳದಿದ್ದರೆ ಅದು ಬಹುಮಾನ ಎಂದು ಅಂಗಡಿಯವರೆಲ್ಲ ಬಲ್ಲರು. ಎರಡು ವರ್ಷ ಕಲಿತರೆ ಅವಳಿಗೇ ಒಂದು ಬೆಂಚು ಕೊಡುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಆ ಎರಡು ವರ್ಷ ಅವಳಿಗೆ ತಲೆಯ ಮೇಲೊಂದು ಸೂರು ಬೇಕಿತ್ತು.

ಅದೇ ಮೂರನೆಯ ತಿಂಗಳಲ್ಲಿ ಅವಳು ತನ್ನ ಕೋಣೆಯ ಚಿಲಕವನ್ನು ಬಿಚ್ಚಿ ನೋಡಿದಳು. ಕಟ್ಟಡ ಕಟ್ಟಿದವರು ಅರ್ಧ ಇಂಚಿನ ಸ್ಕ್ರೂ ಹಾಕಿ ಕೈತೊಳೆದುಕೊಂಡಿದ್ದರು. ಬಾಗಿಲನ್ನು ಹೊರಗಿನಿಂದ ನಾಲ್ಕು ಸಲ ಭುಜದಿಂದ ದೂಡಿದರೆ ಚಿಲಕ ಕಿತ್ತು ಬರುವಂತಿತ್ತು. ಅವಳು ಅಂಗಡಿಯಿಂದ ಎರಡಿಂಚಿನ ಸ್ಕ್ರೂಗಳನ್ನು ಕೇಳಿ ತಂದು, ಚಿಲಕವನ್ನು ಬಾಗಿಲಿಗೂ, ಅದು ಹೋಗಿ ಕೂರುವ ಬಳೆಯನ್ನು ಚೌಕಟ್ಟಿನ ಆಳಕ್ಕೂ ಬಿಗಿದಳು. ವಿಷಯ ಮನೆಯಲ್ಲಿ ಹಬ್ಬಿತು. ಮರುಭಾನುವಾರ ಅವಳ ಬಾಗಿಲ ಮುಂದೆ ಸಾಲು ನಿಂತಿತ್ತು.

"ನನ್ನದೂ ಮಾಡೇ."

"ನನ್ನದು ಮೊದಲು, ನಂದು ಅಲ್ಲಾಡುತ್ತೆ."

"ನಿಂದು ಅಲ್ಲಾಡೋದು ನಾಲಿಗೆ, ಚಿಲಕ ಅಲ್ಲ. ಆಚೆ ಸರಿ."

ಸಂಜೆಯ ಹೊತ್ತಿಗೆ ಎಂಟೂ ಬಾಗಿಲು ಮುಗಿದವು. ಒಬ್ಬಳು ಒಳಗೆ ಚಿಲಕ ಹಾಕಿಕೊಳ್ಳುವುದು, ಮೂವರು ಹೊರಗಿನಿಂದ ಭುಜ ಕೊಟ್ಟು ದೂಡುವುದು. ಒಂದೂ ಅಲುಗಲಿಲ್ಲ. "ಆನೆ ಬಂದ್ರೂ ಅಲ್ಲಾಡಲ್ಲ" ಎಂದು ಆರನೆಯ ಕೋಣೆಯ ಹುಡುಗಿ ಒಳಗಿನಿಂದ ಕೂಗಿದಳು. ಅಂದಿನಿಂದ ಇವಳ ಹೆಸರು ಚಿಲ್ಕಿ ಎಂದಾಯಿತು. ಕಚೇರಿಯಲ್ಲಿ ಯಾರನ್ನೂ ಕೇಳಿರಲಿಲ್ಲ. ಮೇಲಿನ ಸದ್ದು ಕೇಳಿ, ಗೋಡೆಗೆ ಪಟ ಹಾಕುತ್ತಿದ್ದಾರೆ ಎಂದುಕೊಂಡು ನಾನೂ ಸುಮ್ಮನಿದ್ದೆ.

ಆನೆಯ ಮಾತಾಡಿದ ಆ ಆರನೆಯ ಕೋಣೆಯವಳನ್ನು ಎಲ್ಲರೂ ಕೋಗಿಲೆ ಎನ್ನುತ್ತಿದ್ದರು. ಅವಳು ಇಡೀ ದಿನ ಗುನುಗುತ್ತಿದ್ದಳು, ಒಂದು ದಿನವೂ ಶ್ರುತಿ ಸೇರಿದ್ದಿಲ್ಲ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಬರೆದರೆ ಕೋಣೆ ಸಿಗದೇ ಹೋದೀತೆಂದು ಅರ್ಜಿಯಲ್ಲಿ ಅದನ್ನು ಬರೆದಿರಲಿಲ್ಲ.

ಚಿಲ್ಕಿ ಬಂದು ಹನ್ನೊಂದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಕೋಗಿಲೆ ಪಾಳಿ ಮುಗಿಸಿ ಬಂದು, ಚಿಲಕ ಹಾಕಿಕೊಂಡು ಬಟ್ಟೆ ಬದಲಿಸುವಾಗ ಬಿದ್ದಳು. ಕೆಳಗೆ ಅಡುಗೆಮನೆಯಲ್ಲಿದ್ದ ದೊಡ್ಡಕ್ಕನಿಗೆ ಆ ಸದ್ದು ಕೇಳಿಸಿತು. ದೊಡ್ಡಕ್ಕ ಎಂದರೆ ಆ ಮನೆಯಲ್ಲೇ ಇದ್ದು ಎಲ್ಲರನ್ನೂ ನೋಡಿಕೊಳ್ಳುವಾಕೆ, ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳು ಕೂಗಿದಳು, ತಟ್ಟಿದಳು, ಗುದ್ದಿದಳು. ವಾಚ್‌ಮನ್ ಬಂದು ಒದ್ದ. ನಾನೂ ಭುಜ ಕೊಟ್ಟೆ. ಒಳಗೆ ಮಂಚದ ಕಾಲಿಗೆ ಏನೋ ಬಡಿದುಕೊಳ್ಳುವ ಸದ್ದು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಬಾಗಿಲು ಅಲ್ಲಾಡಲಿಲ್ಲ. ಕೊನೆಗೆ ಟೈರ್ ಅಂಗಡಿಯವನು ಹಾರೆ ತಂದು ಚೌಕಟ್ಟನ್ನೇ ಸೀಳಿದ. ಅಷ್ಟು ಹೊತ್ತಿಗೆ ಇಪ್ಪತ್ತೈದು ನಿಮಿಷ ಕಳೆದಿತ್ತು. ಮ್ಯಾನೇಜರ್ ಓಡಿಬಂದು ಕೋಗಿಲೆಯನ್ನು ಎತ್ತಿಕೊಂಡು ಆಟೋ ಹತ್ತಿಸಿದರು. ಅವರ ಅಂಗಿಯ ತೋಳೆಲ್ಲ ರಕ್ತವಾಗಿತ್ತು.

ಕೋಗಿಲೆ ಬದುಕಿದಳು. ಹುಬ್ಬಿನ ಮೇಲೆ ಐದು ಹೊಲಿಗೆ ಬಿದ್ದವು. ದೊಡ್ಡಕ್ಕನ ಮಣಿಕಟ್ಟಿನ ಎಲುಬು ಬಿರುಕುಬಿಟ್ಟಿತ್ತು.

ಮರುದಿನ ಮ್ಯಾನೇಜರ್ ನನ್ನಿಂದ ಆದೇಶ ಟೈಪ್ ಮಾಡಿಸಿದರು. ಮುಂದಿನ ಭಾನುವಾರದೊಳಗೆ ಎಂಟೂ ಕೋಣೆಗಳ ಒಳಚಿಲಕ ತೆಗೆಸಬೇಕು. ಹುಡುಗಿಯರು ಹೊರಗೆ ಹೋಗುವಾಗ ಬೀಗ ಹಾಕಿಕೊಳ್ಳಬಹುದು, ಒಳಗಿರುವಾಗ ಬಾಗಿಲು ತೆರೆಯುವಂತಿರಬೇಕು. ಒಪ್ಪಿ ಸಹಿ ಹಾಕದವರಿಗೆ ಕೋಣೆಯ ಅವಧಿ ಮುಂದುವರಿಯುವುದಿಲ್ಲ. ಮ್ಯಾನೇಜರ್ ಕೆಟ್ಟವರಲ್ಲ. "ಇನ್ನೊಂದು ಐದು ನಿಮಿಷ ತಡ ಆಗಿದ್ರೆ ನಾನು ಈ ಕುರ್ಚಿಯಲ್ಲಿ ಕೂರ್ತಿರಲಿಲ್ಲ" ಎಂದರು.

ಮನೆಯ ರಿಪೇರಿ ಕೆಲಸವೆಲ್ಲ ಹೋಗುತ್ತಿದ್ದದ್ದು ಚಿಲ್ಕಿಯ ಮೇಸ್ತ್ರಿಗೇ.

"ನಿಮ್ಮನೇ ಕೆಲಸ ಬಂದಿದೆ ಕಣೇ" ಎಂದರು ಮೇಸ್ತ್ರಿ, ಚೀಟಿ ನೋಡುತ್ತಾ. "ಒಡೆದ ಚೌಕಟ್ಟು ಒಂದು ಸರಿಮಾಡಬೇಕು. ಎಂಟು ಚಿಲಕ ತೆಗೀಬೇಕು, ತೂತಿಗೆ ಪುಟ್ಟಿ ಮೆತ್ತಬೇಕು. ನೀನೇ ಹೋಗು. ಮನೇಲೇ ಕೆಲಸ, ನಡೆಯೋದೂ ತಪ್ಪುತ್ತೆ."

"ಚೌಕಟ್ಟು ಮಾಡ್ತೀನಿ ಮೇಸ್ತ್ರಿ. ಚಿಲಕ ತೆಗೆಯಲ್ಲ."

"ಏನಂದೆ?"

"ಬಾಗಿಲು ಮಾಡು ಅನ್ನಿ, ಮಾಡ್ತೀನಿ. ಮೋರಿಗೆ ಮುಚ್ಚಳ ಮಾಡು ಅನ್ನಿ, ಅದೂ ಮಾಡ್ತೀನಿ. ಚಿಲಕ ಮಾತ್ರ ತೆಗೆಯಲ್ಲ."

"ಕೆಲಸ ಆರಿಸ್ಕೊಳ್ತೀಯಾ ನೀನು? ಮೂವತ್ತೈದು ವರ್ಷ ಆಯ್ತು ನಾನು ಉಳಿ ಹಿಡಿದು. ಈ ಕೆಲಸ ಮಾಡಲ್ಲ ಅಂತ ಒಂದು ದಿನ ಬಾಯಿಬಿಟ್ಟಿಲ್ಲ."

"ಬಿಡಬೇಕಿತ್ತು" ಎಂದಳು ಚಿಲ್ಕಿ.

ಪಕ್ಕದ ಬೆಂಚಿನಲ್ಲಿ ಹಲಗೆ ಹೆರೆಯುತ್ತಿದ್ದವನ ಕೈ ನಿಂತಿತು. ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟುಕೊಂಡರು.

"ಕೇಳು. ಶನಿವಾರ ಬೆಳಿಗ್ಗೆ ಆ ಎಂಟು ಚಿಲಕ ನನ್ನ ಬೆಂಚಿನ ಮೇಲಿರಬೇಕು. ಇಲ್ಲಾಂದ್ರೆ ನಿನ್ನ ಉಳಿ ಇರಬೇಕು. ಎರಡರಲ್ಲಿ ಒಂದು."

ಅವಳ ಒಂದು ವರ್ಷದ ಮಾತುಕತೆ ನಿಗದಿಯಾಗಿದ್ದೂ ಅದೇ ಶನಿವಾರ. ಕೋಣೆಯೂ ಹೋಗಬಹುದು, ಕೆಲಸವೂ ಹೋಗಬಹುದು. ಎರಡೂ ಹೋದರೆ ಉಳಿಯುವುದು ಬಸ್ ನಿಲ್ದಾಣದ ಬೆಂಚು ಅಥವಾ ಚಿಕ್ಕಪ್ಪನ ಮನೆಯ ಪರದೆ. ಇದು ಅವಳಿಗೂ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂದು ನಮಗೂ ಗೊತ್ತಿತ್ತು.

ಆರನೆಯ ಕೋಣೆಯ ಚೌಕಟ್ಟನ್ನು ಅವಳು ಮಂಗಳವಾರ ಬಿಚ್ಚಿದಳು. ಮರ ಉದ್ದಕ್ಕೆ ಸೀಳಿಹೋಗಿತ್ತು. ಆದರೆ ಚಿಲಕ ಕೂರುವ ಬಳೆ, ಕಿತ್ತುಬಂದ ಮರದ ತುಂಡಿನ ಜೊತೆಯಲ್ಲೇ, ನೆಟ್ಟಗೆ ನಿಂತಿತ್ತು. ನಾಲ್ಕು ಸ್ಕ್ರೂಗಳು. ಒಂದೂ ಒಂದು ಸುತ್ತು ಸಡಿಲವಾಗಿರಲಿಲ್ಲ. ಅವಳು ಅದನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಆ ದಾರಿಯಲ್ಲಿ ಬಂದ ನನಗೆ ತೋರಿಸಿದಳು.

"ಹಳೇ ಸ್ಕ್ರೂ ಇದ್ದಿದ್ರೆ ದೊಡ್ಡಕ್ಕನ ನಾಲ್ಕನೇ ಗುದ್ದಿಗೆ ಬಾಗಿಲು ತೆಗೀತಿತ್ತು" ಎಂದಳು.

ನಾನು ಏನೋ ಸಮಾಧಾನ ಹೇಳಲು ಹೋದೆ. "ಬೇಡ, ನನಗೆ ಲೆಕ್ಕ ಬರುತ್ತೆ" ಎಂದು ಎದ್ದಳು.

ಸಂಜೆ ಅವಳು ಆಸ್ಪತ್ರೆಗೆ ಹೋದಳು. ಕೋಗಿಲೆ ತಲೆಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಳು. ತಾನು ಒಗೆದ ಹೊದಿಕೆಯನ್ನೇ ತನಗೆ ಹೊದಿಸಿದ್ದಾರೆಂದು ಅದರ ಮೂಲೆಯ ಕಲೆ ಗುರುತು ಹಿಡಿದು ತೋರಿಸಿದಳು.

"ಚಿಲಕ ತೆಗೀತಾರಂತೆ?"

"ಹೂಂ. ಉದ್ದದ ಸ್ಕ್ರೂ ಹಾಕಿದ್ದು ನಾನು. ಅದಕ್ಕೇ ಬಾಗಿಲು ತೆರೀಲಿಲ್ಲ."

"ಹಾಕು ಅಂತ ಸಾಲಲ್ಲಿ ನಿಂತಿದ್ದು ನಾನು. ನಿನಗೆ ಬಿಸ್ಕತ್ತು ಬೇರೆ ತಿನ್ನಿಸಿದ್ದೆ." ಕೋಗಿಲೆ ತಲೆಯ ಪಟ್ಟಿಯನ್ನು ಮುಟ್ಟಿ ನೋಡಿಕೊಂಡು ಕೇಳಿದಳು: "ಈಗ ನಾನು ವಾಪಸ್ ಬಂದ್ರೆ ಚಿಲಕ ಇಲ್ಲದ ಕೋಣೇಲಿ ಮಲಗ್ಬೇಕಾ?"

"ಬಿದ್ದು ಹಣೆ ಒಡ್ಕೊಂಡ್ರೂ ಚಿಲಕ ಬೇಕಾ ನಿಂಗೆ?"

"ಬೀಳೋದು ವರ್ಷಕ್ಕೆ ಎರಡು ಸಲ. ನಿದ್ದೆ ದಿನಾ ಬರಬೇಕಲ್ಲ."

ಚಿಲ್ಕಿಯ ಕಣ್ಣು ವಾರ್ಡಿನ ಕೊನೆಯ ಸ್ನಾನದ ಕೋಣೆಯ ಮೇಲಿತ್ತು. ಒಬ್ಬ ಮುದುಕಿ ಒಳಗೆ ಹೋಗಿ ತಡವಾಗಿತ್ತು. ನರ್ಸ್ ಬಂದು ತಟ್ಟಿದಳು, ಕರೆದಳು, ಉತ್ತರ ಬರದಿದ್ದಾಗ ಜೇಬಿನಿಂದ ಒಂದು ನಾಣ್ಯ ತೆಗೆದು ಬಾಗಿಲ ಹೊರಗಿನ ಸಣ್ಣ ಬಿಲ್ಲೆಯ ಸೀಳಿಗೆ ಇಟ್ಟು ತಿರುಗಿಸಿದಳು. ಬಾಗಿಲು ತೆರೆಯಿತು. ಮುದುಕಿ ಒಳಗೆ ನೆಮ್ಮದಿಯಾಗಿ ತಲೆ ಬಾಚಿಕೊಳ್ಳುತ್ತಿದ್ದಳು, ನರ್ಸಿಗೆ ಚೆನ್ನಾಗಿ ಬೈದಳು.

ಚಿಲ್ಕಿ ಎದ್ದುಹೋಗಿ ಆ ಬಾಗಿಲನ್ನು ಒಳಗೂ ಹೊರಗೂ ಹತ್ತು ಸಲ ತಿರುಗಿಸಿ ನೋಡಿದಳು. ನರ್ಸಿನ ಬೈಗುಳ ಅವಳಿಗೂ ಬಿತ್ತು.

ಬುಧವಾರ, ಗುರುವಾರ ಅಂಗಡಿ ಮುಚ್ಚುವ ಹೊತ್ತಿಗೆ ಅವಳು ಮೂಲೆಯ ಹಿತ್ತಾಳೆ ಚೂರುಗಳ ಡಬ್ಬಿ ಹಿಡಿದು ಕೂತಳು. ಒಳಗಡೆ ತಿರುವಿ ಹಾಕುವ ಒಂದು ಅಗುಳಿ. ಅದರ ಕಡ್ಡಿ ಬಾಗಿಲಿನ ದಪ್ಪವನ್ನು ದಾಟಿ ಹೊರಗೆ ಬಂದು ಒಂದು ಬಿಲ್ಲೆಯಲ್ಲಿ ಮುಗಿಯಬೇಕು. ಆಸ್ಪತ್ರೆಯಂತೆ ನಾಣ್ಯಕ್ಕೆ ಸೀಳು ಬಿಟ್ಟರೆ ನಾಣ್ಯ ಇದ್ದವರೆಲ್ಲ ತೆಗೆಯಬಹುದು. ಅದು ಪರದೆಯೇ ಆಯಿತು. ಆದ್ದರಿಂದ ಅವಳು ಬಿಲ್ಲೆಯ ನಡುವೆ ಮೂರು ಮೂಲೆಯ ಗುಳಿ ಕೊರೆದಳು. ಅದಕ್ಕೆ ಹೊಂದುವ ಮೂರು ಮೂಲೆಯ ಕೀಲಿ ಒಂದೇ ಒಂದು ಇರಬೇಕು.

ಮೊದಲ ಅಗುಳಿ ತಿರುಗಿಸಿದಾಗ ಕಡ್ಡಿ ಜಾರಿತು. ಎರಡನೆಯದೂ ಜಾರಿತು. ಮೇಸ್ತ್ರಿ ಚಪ್ಪಲಿ ಹಾಕಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ದುಂಡು ಕಡ್ಡಿ ಇಟ್ರೆ ಜಾರದೆ ಏನು ಮಾಡುತ್ತೆ? ಚೌಕ ಇರಬೇಕು."

ಅವಳು ತಲೆಯೆತ್ತಲಿಲ್ಲ. "ಚೌಕವಾಗಿ ಉಜ್ಜೋಕೆ ಸಣ್ಣ ಅರ ಬೇಕು."

"ನನ್ನ ಪೆಟ್ಟಿಗೇಲಿದೆ. ಮುಟ್ಟಬೇಡ." ಹೀಗೆಂದು ಮೇಸ್ತ್ರಿ ಪೆಟ್ಟಿಗೆಗೆ ಬೀಗ ಹಾಕದೆ ಮನೆಗೆ ಹೋದರು. ಶುಕ್ರವಾರ ರಾತ್ರಿಯ ಹೊತ್ತಿಗೆ ಆರನೆಯ ಕೋಣೆಯ ಹೊಸ ಚೌಕಟ್ಟೂ ಎಂಟು ಅಗುಳಿಗಳೂ ಸಿದ್ಧವಾಗಿದ್ದವು.

ಶನಿವಾರ ಬೆಳಿಗ್ಗೆ ಅವಳು ಮೇಸ್ತ್ರಿ ಬರುವ ಮೊದಲೇ ಅಂಗಡಿಗೆ ಹೋಗಿ, ತನ್ನ ಉಳಿಯನ್ನು ಒರೆಸಿ, ಮೇಸ್ತ್ರಿಯ ಬೆಂಚಿನ ಮೇಲಿಟ್ಟು ಬಂದಳು. ಹನ್ನೊಂದು ಗಂಟೆಗೆ ಕಚೇರಿಗೆ ಬಂದಳು. ಮೇಜಿನ ಆಚೆ ಮ್ಯಾನೇಜರ್, ಅವರ ಪಕ್ಕದಲ್ಲಿ ಟ್ರಸ್ಟಿನ ಮೇಡಂ, ನಿವೃತ್ತ ಹೆಡ್‌ಮಿಸ್ಟ್ರೆಸ್. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡ ದೊಡ್ಡಕ್ಕ. ನಾನು ಬರೆದುಕೊಳ್ಳಲು ಕೂತಿದ್ದೆ.

ಚಿಲ್ಕಿ ಕೂರುವ ಮೊದಲು ಕೈಚೀಲದಿಂದ ನಾಲ್ಕು ಸ್ಕ್ರೂ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಇವು ನನ್ನವು ಸಾರ್. ಎಂಟೂ ಬಾಗಿಲಿಗೆ ನಾನೇ ಹಾಕಿದ್ದು. ಯಾರನ್ನೂ ಕೇಳಿರಲಿಲ್ಲ. ಬಾಗಿಲು ತೆರೀದೇ ಇದ್ದದ್ದು ಇವುಗಳಿಂದ."

ಮ್ಯಾನೇಜರ್ ಒಂದನ್ನು ಎತ್ತಿ ನೋಡಿದರು. ಅವರ ಮುಖ ಕಪ್ಪಿಟ್ಟಿತು. ದೊಡ್ಡಕ್ಕ ತನ್ನ ಕೈಯನ್ನು ನೋಡಿಕೊಂಡಳು, ಆಮೇಲೆ ಚಿಲ್ಕಿಯನ್ನು ನೋಡಿದಳು.

"ಅಲ್ಲಾ ಹುಡುಗೀ" ಎಂದಳು. "ಇಪ್ಪತ್ತೈದು ನಿಮಿಷ ಗುದ್ದಿದೀನಿ ಕಣೇ ನಾನು."

"ಗೊತ್ತು ದೊಡ್ಡಕ್ಕ. ನಿನ್ನ ಕೈಗೂ ನಾನೇ ಹೊಣೆ. ಏನು ಬೇಕಾದ್ರೂ ಅನ್ನು."

"ತಪ್ಪು ಒಪ್ಕೊಂಡೆ, ಒಳ್ಳೇದು" ಎಂದರು ಮ್ಯಾನೇಜರ್, ಧ್ವನಿಯನ್ನು ಹಿಡಿತದಲ್ಲಿಟ್ಟುಕೊಂಡು. ಆದೇಶದ ಹಾಳೆಯನ್ನು ಮುಂದೆ ಸರಿಸಿದರು. "ಹಾಗಾದ್ರೆ ಇದಕ್ಕೆ ಸಹಿ ಹಾಕು. ಇದನ್ನು ಯಾಕೆ ಮಾಡಿದೀವಿ ಅಂತ ನಿನಗಿಂತ ಚೆನ್ನಾಗಿ ಯಾರಿಗೂ ಅರ್ಥ ಆಗಲ್ಲ."

"ಹಾಕಲ್ಲ ಸಾರ್."

"ತಪ್ಪು ಮಾಡಿದ್ದು ಸ್ಕ್ರೂ. ಚಿಲಕ ಅಲ್ಲ."

"ನೋಡಮ್ಮಾ, ಒಂದು ಜೀವ ಹೋಗ್ತಿತ್ತು. ಇಷ್ಟಾದ ಮೇಲೂ ಚಿಲಕ ಬೇಕು ಅಂತ ನನ್ನೆದುರು ಕೂತು ಹೇಳ್ತೀಯಲ್ಲ, ಎಷ್ಟು ಧೈರ್ಯ ನಿನಗೆ?"

"ಧೈರ್ಯ ಇದ್ದಿದ್ರೆ ಚಿಲಕ ಯಾಕೆ ಬೇಕಿತ್ತು ಸಾರ್?"

ಟ್ರಸ್ಟಿನ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚಿಲ್ಕಿ ಮುಂದುವರಿಸಿದಳು. ಅವಳ ಮಾತು ಜೋರಾಗಿರಲಿಲ್ಲ. ಆದರೆ ನಿಲ್ಲುವ ಹಾಗೆ ಕಾಣಲಿಲ್ಲ.

"ನಿಮ್ಮನೇಲಿ ನಿಮ್ಮ ಕೋಣೆಗೆ ಚಿಲಕ ಇದೆಯಾ ಸಾರ್?"

"ಅದು ಬೇರೆ ವಿಷಯ."

"ಎಷ್ಟು ಬೇರೆ? ನಿಮ್ಮನೇಲಿ ಯಾರಿಗೂ ಫಿಟ್ಸ್ ಬರಲ್ವಾ, ಯಾರೂ ಜಾರಿ ಬೀಳಲ್ವಾ? ಆದ್ರೂ ಯಾರೂ ಬಂದು ಚಿಲಕ ತೆಗೆಯಿರಿ ಅನ್ನಲ್ಲ. ನಮ್ಮದಕ್ಕೆ ಬರ್ತಾರೆ. ನಮಗೆ ಊಟ ಕೊಟ್ಟಿದೀರಿ, ಮಂಚ ಕೊಟ್ಟಿದೀರಿ, ನಾನು ಇಲ್ಲ ಅನ್ನಲ್ಲ. ಊಟ, ಮಂಚ ಆಶ್ರಮದಲ್ಲೂ ಇತ್ತು. ಇಲ್ಲಿ ಹೊಸದಾಗಿ ಸಿಕ್ಕಿದ್ದು ಅದೊಂದೇ. ಅದನ್ನು ತೆಗೆದ್ರೆ ಇದು ಮನೆ ಅಲ್ಲ, ನಡುವೆ ಗೋಡೆ ಎಬ್ಬಿಸಿದ ಆಶ್ರಮದ ಹಾಲ್."

"ಹಾಗಾದ್ರೆ ಮತ್ತೆ ಒಬ್ಬಳು ಒಳಗೆ ಬಿದ್ರೆ ಏನು ಮಾಡೋದು, ಹೇಳು" ಎಂದರು ಮೇಡಂ. ಅದು ಸವಾಲಿನಂತಿರಲಿಲ್ಲ, ಪ್ರಶ್ನೆಯಂತಿತ್ತು.

ಚಿಲ್ಕಿ ಚೀಲದಿಂದ ಅಗುಳಿಯನ್ನು ತೆಗೆದಳು. ಅದನ್ನು ಒಂದು ಹಲಗೆಯ ತುಂಡಿಗೆ ಕೂಡಿಸಿ ತಂದಿದ್ದಳು. ಒಳಗಿನಿಂದ ತಿರುವಿ ಹಾಕಿ ತೋರಿಸಿದಳು, ಹಲಗೆಯನ್ನು ಮಗುಚಿ ಮೂರು ಮೂಲೆಯ ಕೀಲಿಯಿಂದ ಹೊರಗಿನಿಂದ ತೆಗೆದು ತೋರಿಸಿದಳು. ಮ್ಯಾನೇಜರ್ ತಾವೇ ಹಿಡಿದು ಮೂರು ಸಲ ತಿರುಗಿಸಿದರು. ನಾಲ್ಕನೆಯ ಸಲ ತಮ್ಮ ಮನೆಯ ಕೀಲಿಕೈ ತೂರಿಸಿ ನೋಡಿದರು. ಆಗಲಿಲ್ಲ.

"ಕೀಲಿ ಒಂದೇ. ಅದು ಗಾಜಿನ ಪೆಟ್ಟಿಗೇಲಿರಬೇಕು, ಪೆಟ್ಟಿಗೆಗೆ ಕಾಗದ ಅಂಟಿಸಿ ನಮ್ಮಲ್ಲಿ ಒಬ್ಬಳ ಸಹಿ ಇರಬೇಕು. ತೆಗೆದ್ರೆ ತೆಗೆದದ್ದು ಎಲ್ಲರಿಗೂ ಗೊತ್ತಾಗಬೇಕು. ತೆಗೆಯೋ ಮೊದಲು ತಟ್ಟಬೇಕು, ಕರೀಬೇಕು, ಅರವತ್ತು ಎಣಿಸಬೇಕು. ಮ್ಯಾನೇಜರ್ ಆಗಲಿ, ಯಾರೇ ಆಗಲಿ. ಹಾಗಿದ್ರೆ ಎಂಟೂ ಹಳೇ ಚಿಲಕ ನಾನೇ ತೆಗೀತೀನಿ."

"ಷರತ್ತು ಹಾಕ್ತಿರೋದು ಯಾರು ಇಲ್ಲಿ?" ಎಂದರು ಮ್ಯಾನೇಜರ್.

"ಒಳಗೆ ಮಲಗೋಳು."

ಆಗ ಸ್ಟೂಲಿನ ಮೇಲಿಂದ ದೊಡ್ಡಕ್ಕ ಕೆಮ್ಮಿದಳು. ಆ ವಾರವೆಲ್ಲ ಚಿಲಕ ತೆಗೆಯಲೇಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವಳು ಅವಳೇ.

"ಇನ್ಮುಂದೆಯೂ ಬಾಗಿಲು ತಟ್ಟೋಳು ನಾನೇ ತಾನೇ" ಎಂದಳು. "ಆ ಪೆಟ್ಟಿಗೆ ನನ್ನ ಅಡುಗೆಮನೆ ಗೋಡೇಲಿರಲಿ. ಆದ್ರೆ ಎಲೇ, ಅರವತ್ತು ಜಾಸ್ತಿ ಆಯ್ತು. ಮೂವತ್ತು ಮಾಡು."

"ಕೋಗಿಲೆಗೆ ಮೂವತ್ತು" ಎಂದಳು ಚಿಲ್ಕಿ. "ಉಳಿದೋರಿಗೆ ಅರವತ್ತು."

ಮೇಡಂ ನಕ್ಕರು. ಮ್ಯಾನೇಜರ್ ನಗಲಿಲ್ಲ. ಅರ್ಧ ಗಂಟೆ ಅವರಿಬ್ಬರೂ ಒಳಗೆ ಮಾತಾಡಿದರು. ಆಮೇಲೆ ನನ್ನಿಂದ ಎರಡು ಕಾಗದ ಟೈಪ್ ಮಾಡಿಸಿದರು. ಒಂದು, ಆದೇಶದ ಬದಲಾವಣೆ: ಹೊಸ ಅಗುಳಿಯನ್ನು ಮೂರು ತಿಂಗಳು ನೋಡುವುದು. ಇನ್ನೊಂದು, ಚಿಲ್ಕಿಗೆ ಎಚ್ಚರಿಕೆ ಪತ್ರ: ಅನುಮತಿ ಇಲ್ಲದೆ ಕಟ್ಟಡದಲ್ಲಿ ಕೆಲಸ ಮಾಡಿದ್ದಕ್ಕಾಗಿ ಅವಳ ಅವಧಿಯನ್ನು ಆರು ತಿಂಗಳ ಬದಲು ಮೂರೇ ತಿಂಗಳು ಮುಂದುವರಿಸಲಾಗಿದೆ. ಎರಡನೆಯದನ್ನು ಓದಿ ಅವಳ ತುಟಿ ಬಿಗಿಯಿತು. ಅನ್ಯಾಯವೆಂದು ಹೇಳುತ್ತಾಳೇನೋ ಎಂದುಕೊಂಡೆ.

"ಇದು ಸರಿ. ಇದಕ್ಕೆ ಸಹಿ ಹಾಕ್ತೀನಿ" ಎಂದಳು. "ಮೂರು ತಿಂಗಳಾದ ಮೇಲೆ ಮತ್ತೆ ಇದೇ ಕುರ್ಚಿಗೆ ಬರ್ತೀನಿ."

ಭಾನುವಾರ ಬೆಳಿಗ್ಗೆ ಅವಳು ಆರನೆಯ ಬಾಗಿಲಿನಿಂದ ಕೆಲಸ ಶುರುಮಾಡಿದಳು. ಹಳೆಯ ಎರಡಿಂಚಿನ ಸ್ಕ್ರೂಗಳು ಅಷ್ಟು ಸುಲಭಕ್ಕೆ ಬರಲಿಲ್ಲ. ತನ್ನ ಕೆಲಸಕ್ಕೆ ತಾನೇ ಬೈದುಕೊಳ್ಳುತ್ತಾ ತಿರುಗಿಸುತ್ತಿದ್ದಳು. ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮೇಸ್ತ್ರಿ ಕಾಗದದಲ್ಲಿ ಏನನ್ನೋ ಸುತ್ತಿಕೊಂಡು ಬಂದಿದ್ದರು.

"ಮರಗೆಲಸಕ್ಕೆ ಹೊರಟೋಳು ಉಳಿ ಮರೆತು ಬಂದಿದ್ದಾಳೆ" ಎಂದು ಹುಡುಗಿಯರಿಗೆಲ್ಲ ಕೇಳುವಂತೆ ಹೇಳಿದರು. "ಇಂಥೋಳಿಗೆ ಬೆಂಚು ಬೇರೆ ಕೊಡ್ತೀನಿ ಅಂದಿದೀನಿ. ನನ್ನ ಬುದ್ಧಿಗೆ ಏನು ಹೇಳೋಣ."

ಚಿಲ್ಕಿ ಉಳಿ ತೆಗೆದುಕೊಂಡಳು. ಬಿಚ್ಚಿದ ಮೊದಲ ಚಿಲಕವನ್ನು ಅವರ ಕೈಗೆ ಕೊಟ್ಟಳು. "ಉಳಿದ ಏಳು ಸಂಜೆಗೆ."

ಮೇಸ್ತ್ರಿ ಅದನ್ನು ಜೇಬಿಗೆ ಹಾಕಿಕೊಂಡು, ಗೋಡೆಗೆ ಒರಗಿ ಕೂತು, ಸಂಜೆಯವರೆಗೆ ಅವಳ ಪ್ರತಿ ತೂತಿನಲ್ಲೂ ಒಂದೊಂದು ಕೊಂಕು ಹುಡುಕಿದರು. ಎಂಟನೆಯದಕ್ಕೆ ಮಾತ್ರ ಏನೂ ಹೇಳಲಿಲ್ಲ.

ಆ ಎಂಟನೆಯದು ಅವಳದೇ ಕೋಣೆ. ಅಷ್ಟು ಹೊತ್ತಿಗೆ ಮ್ಯಾನೇಜರ್ ಪರೀಕ್ಷೆ ಮಾಡಲು ಬಂದರು. ದೊಡ್ಡಕ್ಕ ಎಡಗೈಯಲ್ಲಿ ಕೀಲಿ ತಂದುಕೊಟ್ಟಳು. ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದ ಕೋಗಿಲೆ ಸೇರಿ ಏಳೂ ಹುಡುಗಿಯರು ಓಣಿಯಲ್ಲಿ ನಿಂತರು. ಚಿಲ್ಕಿ ಒಳಗೆ ಹೋಗಿ ಬಾಗಿಲು ಹಾಕಿ ಅಗುಳಿ ತಿರುವಿದಳು. ಸದ್ದೇ ಆಗಲಿಲ್ಲ.

ಮ್ಯಾನೇಜರ್ ಕೀಲಿಯನ್ನು ಬಿಲ್ಲೆಯ ಹತ್ತಿರ ಒಯ್ದರು.

"ಸಾರ್, ಮೊದಲು ತಟ್ಟಬೇಕು" ಎಂದಳು ಕೋಗಿಲೆ.

ಅವರು ತಟ್ಟಿದರು. ಒಳಗಿನಿಂದ ಉತ್ತರ ಬರಲಿಲ್ಲ.

"ಕರೀಬೇಕು."

"ಅಮ್ಮಾ, ನಾನು" ಎಂದರು ಮ್ಯಾನೇಜರ್. ಉತ್ತರ ಬರಲಿಲ್ಲ. ಹುಡುಗಿಯರು ಎಣಿಸತೊಡಗಿದರು. ಮೊದಲು ಮೆಲ್ಲಗೆ, ಇಪ್ಪತ್ತು ದಾಟಿದ ಮೇಲೆ ಎಲ್ಲರೂ ಸೇರಿ. ನಲವತ್ತೆಂಟಕ್ಕೆ ಅವರ ಕೈ ಮತ್ತೆ ಮೇಲೆದ್ದಿತು. ಏಳೂ ಜನ ಅವರ ಕಡೆ ನೋಡಿದರು. ಕೈ ಇಳಿಯಿತು.

ಐವತ್ತೇಳಕ್ಕೆ ಒಳಗಿನಿಂದ ಧ್ವನಿ ಬಂತು.

"ಯಾರು?"

"ನಾನಮ್ಮಾ."

"ನಾನು ಅಂದ್ರೆ ಯಾರು?"

"ಮ್ಯಾನೇಜರ್."

ಒಳಗೆ ಯಾವುದೋ ಬಟ್ಟೆ ಕೊಡವಿದ ಸದ್ದು, ಮಂಚದ ಮೇಲೆ ಯಾರೋ ಕೂತ ಸದ್ದು.

"ಮೈಯೆಲ್ಲ ಮರದ ಹೊಟ್ಟಾಗಿದೆ ಸಾರ್, ಬಟ್ಟೆ ಬದಲಾಯಿಸಬೇಕು. ಆಮೇಲೆ ಬನ್ನಿ."

ಮ್ಯಾನೇಜರ್ ಮುಚ್ಚಿದ ಬಾಗಿಲನ್ನೂ ಕೈಯಲ್ಲಿದ್ದ ಕೀಲಿಯನ್ನೂ ಒಮ್ಮೆ ನೋಡಿದರು. ಕೀಲಿಯನ್ನು ದೊಡ್ಡಕ್ಕನಿಗೆ ಕೊಟ್ಟು, ಮೆಟ್ಟಿಲಿಳಿದು ಹೋದರು.